ಬಾಗಿಲಲ್ಲಿ ಮಂಡಿಯೂರಿದವರು



ಇಂದು ನಾವು ಮಾತನಾಡಬೇಕೆಂದುಕೊಂಡಿದ್ದ ವಿಷಯ ಬೇರೆಯೇ ಇತ್ತು. ಮೊನ್ನೆ ಸಂಜೆ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಪ್ರಸಾದ ನಿಲಯದ ಹುಡುಗನೊಬ್ಬ ಕಾಲೇಜಿನ ಗ್ರಂಥಾಲಯದಿಂದ ತಂದ ಪುಸ್ತಕವೊಂದನ್ನು ಹಿಡಿದು ನಮ್ಮ ಬಳಿಗೆ ಬಂದ. ಅದರಲ್ಲೊಂದು ಚಿತ್ರವಿತ್ತು. ದೊಡ್ಡದೊಂದು ಚರ್ಚು, ಅದರ ಮುಂದೆ ಮೆಟ್ಟಿಲು. ಮೆಟ್ಟಿಲ ಕೆಳಗೆ ನಾಲ್ಕಾರು ಹುಡುಗ ಹುಡುಗಿಯರು. ಕರಿಯರಿದ್ದಾರೆ, ಒಬ್ಬಿಬ್ಬರು ಬಿಳಿಯರೂ ಇದ್ದಾರೆ. ಹಬ್ಬಕ್ಕೆ ಹೊರಟವರಂತೆ ಒಳ್ಳೆಯ ಬಟ್ಟೆ ತೊಟ್ಟಿದ್ದಾರೆ. ಮೆಟ್ಟಿಲ ಮೇಲೆ, ಬಾಗಿಲಿಗೆ ಅಡ್ಡಲಾಗಿ, ಕೋಟು ಧರಿಸಿದ ಹಿರಿಯರು ಎದೆಯ ಮೇಲೆ ಕೈಕಟ್ಟಿ ನಿಂತಿದ್ದಾರೆ. ಹುಡುಗ ಕೇಳಿದ: “ಬುದ್ಧಿ, ಇವರು ಇಲ್ಲಿ ಏನು ಕೇಳಲು ಬಂದಿದ್ದರು?” “ಏನೂ ಕೇಳಲಿಲ್ಲಪ್ಪ, ಪ್ರಾರ್ಥನೆ ಮಾಡಲು ಬಂದಿದ್ದರು” ಎಂದೆವು. “ಅದಕ್ಕೂ ತಡೆದರೇ?” ಎಂದ.

ತಡೆದರು. ಆ ಕಥೆಯನ್ನೇ ಇಂದು ಹೇಳುತ್ತೇವೆ. ಇದು ನಮ್ಮ ದೇಶದ್ದಲ್ಲ, ನಮ್ಮ ಧರ್ಮದ್ದೂ ಅಲ್ಲ. ಅಮೇರಿಕಾ ದೇಶದ ದಕ್ಷಿಣ ಸಂಸ್ಥಾನಗಳಲ್ಲಿ 1960ರಿಂದ 1965ರವರೆಗೆ ನಡೆದದ್ದು. ನಡೆಸಿದವರು ಇಲ್ಲಿ ಮುಂದೆ ಕುಳಿತಿರುವ ನಿಮ್ಮಂತೆಯೇ ಹದಿನೆಂಟು, ಇಪ್ಪತ್ತರ ವಯಸ್ಸಿನ ವಿದ್ಯಾರ್ಥಿಗಳು.

ಮೊದಲು ಆ ನಾಡಿನ ಸ್ಥಿತಿ ಸ್ವಲ್ಪ ತಿಳಿದುಕೊಳ್ಳಬೇಕು. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು. ಆದರೆ ದಕ್ಷಿಣದಲ್ಲಿ ಬಿಳಿಯರಿಗೊಂದು ಶಾಲೆ, ಕರಿಯರಿಗೊಂದು ಶಾಲೆ. ಅವರಿಗೊಂದು ನೀರಿನ ನಲ್ಲಿ, ಇವರಿಗೊಂದು ನಲ್ಲಿ. ಬಸ್ಸಿನಲ್ಲಿ ಮುಂದಿನ ಆಸನ ಅವರಿಗೆ, ಹಿಂದಿನದು ಇವರಿಗೆ ಎಂಬ ಕಟ್ಟಳೆ ಉಳಿಯಿತು. ಇದಿಷ್ಟೂ ಸರ್ಕಾರದ ಕಾಯಿದೆಯ ಬಲದಿಂದ ನಡೆಯುತ್ತಿತ್ತು. ಚರ್ಚಿನ ಮಾತು ಹಾಗಲ್ಲ. ಬಿಳಿಯನೂ ಕರಿಯನೂ ಓದುವುದು ಒಂದೇ ಬೈಬಲ್, ಹಾಡುವುದು ಬಹುಮಟ್ಟಿಗೆ ಒಂದೇ ಹಾಡು, ನಂಬುವುದು ಒಬ್ಬನೇ ಕ್ರಿಸ್ತನನ್ನು. ಆದರೂ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಎರಡು ಕಡೆ ಎರಡು ಗಂಟೆ ಬಾರಿಸುತ್ತಿದ್ದವು. ಆ ದೇಶದಲ್ಲಿ ಜನರು ಬಣ್ಣದಿಂದ ಅತಿ ಹೆಚ್ಚು ಬೇರೆಯಾಗಿರುವ ಹೊತ್ತು ಅದೇ ಎಂದು ಮಾರ್ಟಿನ್ ಲೂಥರ್ ಕಿಂಗ್ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಕಿಂಗ್ ಅವರೂ ಒಬ್ಬ ಪಾದ್ರಿ, ಪಾದ್ರಿಯ ಮಗ. ತಮ್ಮ ಮನೆಯ ಮಾತನ್ನೇ ಆಡಿದರು.

ಈ ಬೇರ್ಪಡೆ ಬಹಳ ಹಳೆಯದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಉತ್ತರದ ಫಿಲಡೆಲ್ಫಿಯಾ ನಗರದ ಸೇಂಟ್ ಜಾರ್ಜ್ ಚರ್ಚಿನಲ್ಲಿ ನಡೆದದ್ದನ್ನು ಕೇಳಿ. ಅಲ್ಲಿ ರಿಚರ್ಡ್ ಆಲನ್, ಅಬ್ಸಲೋಮ್ ಜೋನ್ಸ್ ಎಂಬ ಇಬ್ಬರು ಕರಿಯ ಭಕ್ತರಿದ್ದರು. ಆಲನ್ ಹುಟ್ಟಿನಿಂದ ಗುಲಾಮ. ದುಡಿದು ಹಣ ಕೂಡಿಸಿ ತನ್ನ ಬಿಡುಗಡೆಯನ್ನು ತಾನೇ ಕೊಂಡವನು. ಆ ಚರ್ಚನ್ನು ದೊಡ್ಡದು ಮಾಡುವಾಗ ಕರಿಯ ಭಕ್ತರೂ ಕೈಲಾದ ಹಣ ಕೊಟ್ಟಿದ್ದರು, ಕೆಲಸಕ್ಕೂ ಕೈಹಾಕಿದ್ದರು. ಕಟ್ಟಡ ಸಿದ್ಧವಾದ ಮೇಲೆ ಒಂದು ಭಾನುವಾರ ಅವರು ಮಂಡಿಯೂರಿ ಪ್ರಾರ್ಥಿಸುತ್ತಿದ್ದಾಗ, ನಿಮ್ಮ ಜಾಗ ಇದಲ್ಲ, ಏಳಿ ಎಂದು ಚರ್ಚಿನ ಧರ್ಮದರ್ಶಿಯೊಬ್ಬ ಜೋನ್ಸ್‌ನ ತೋಳು ಹಿಡಿದೆಳೆದ. ಪ್ರಾರ್ಥನೆ ಮುಗಿಯುವವರೆಗೆ ತಾಳಿ ಎಂದು ಜೋನ್ಸ್ ಬೇಡಿಕೊಂಡ. ತಾಳಲಿಲ್ಲ. ಪ್ರಾರ್ಥನೆ ಮುಗಿದ ಕೂಡಲೇ ಕರಿಯರೆಲ್ಲರೂ ಒಟ್ಟಿಗೆ ಎದ್ದು ಹೊರನಡೆದರು. ಆಲನ್ 1794ರಲ್ಲಿ ತಮ್ಮವರಿಗಾಗಿ ಬೇರೆ ಚರ್ಚು ತೆರೆದ. 1816ರಲ್ಲಿ ಅದರಿಂದ ಒಂದು ಸ್ವತಂತ್ರ ಪಂಥವೇ ಬೆಳೆಯಿತು. ಪ್ರಾರ್ಥನೆಯಲ್ಲಿದ್ದವನ ತೋಳು ಹಿಡಿದೆಳೆದದ್ದಕ್ಕೆ ಒಂದು ಪಂಥ ಎರಡಾಯಿತು!

ಅಂದು ಎದ್ದು ಹೋದವರ ಮೊಮ್ಮಕ್ಕಳ ಮೊಮ್ಮಕ್ಕಳು ಎನ್ನಬಹುದಾದ ಮಕ್ಕಳು 1960ರಲ್ಲಿ ತಿರುಗಿ ಬಂದು ಅದೇ ರೀತಿಯ ಬಾಗಿಲುಗಳಲ್ಲಿ ನಿಂತರು. ಆ ವರ್ಷ ಫೆಬ್ರವರಿ 1ರಂದು ಗ್ರೀನ್ಸ್‌ಬೊರೊ ಎಂಬ ಊರಿನಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಉಪಹಾರದ ಕಟ್ಟೆಯ ಮುಂದೆ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ. ಇವರು ಏಳಲಿಲ್ಲ. ಈ ಕುಳಿತುಕೊಳ್ಳುವ ಸತ್ಯಾಗ್ರಹ ಕೆಲವೇ ವಾರಗಳಲ್ಲಿ ದಕ್ಷಿಣದ ಊರೂರಿಗೆ ಹಬ್ಬಿತು. ಆಗಸ್ಟ್ 7ರ ಭಾನುವಾರ ಅಟ್ಲಾಂಟಾ ನಗರದ ಕರಿಯ ಕಾಲೇಜುಗಳ ವಿದ್ಯಾರ್ಥಿಗಳು ಇನ್ನೊಂದು ಹೆಜ್ಜೆ ಮುಂದಿಟ್ಟು, ಸಣ್ಣ ಸಣ್ಣ ಗುಂಪಾಗಿ ಬಿಳಿಯರ ಚರ್ಚುಗಳಿಗೆ ಹೋದರು. ಹೋಟೆಲಿನಲ್ಲಿ ಕುಳಿತದ್ದು ಸಿಟ್-ಇನ್ ಆದರೆ ಇದಕ್ಕೆ ನೀಲ್-ಇನ್ ಎಂದು ಹೆಸರಾಯಿತು, ಎಂದರೆ ಮಂಡಿಯೂರುವ ಸತ್ಯಾಗ್ರಹ. ಕೆಲವು ಕಡೆ ಒಳಗೆ ಬಿಟ್ಟರು, ಕೆಲವು ಕಡೆ ಬಿಡಲಿಲ್ಲ.

ಅವರಲ್ಲಿ ರೂಬಿ ಡೋರಿಸ್ ಸ್ಮಿತ್ ಎಂಬ ಹುಡುಗಿಯೊಬ್ಬಳಿದ್ದಳು. ಹದಿನೆಂಟು ವರ್ಷ, ಸ್ಪೆಲ್‌ಮನ್ ಕಾಲೇಜಿನ ವಿದ್ಯಾರ್ಥಿನಿ. ಅವಳನ್ನು ಚರ್ಚಿನ ಒಳಾಂಗಣಕ್ಕೆ ಬಿಡಲಿಲ್ಲ. ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. ಹೊರ ಹಜಾರದಲ್ಲಿದ್ದ ಒಂದು ಕುರ್ಚಿಯನ್ನು ಎಳೆದುಕೊಂಡು ಕುಳಿತಳು. ಒಳಗಿನ ಹಾಡು ಕೇಳಿಸುತ್ತಿತ್ತು, ಅಲ್ಲಿಂದಲೇ ಹಾಡಿದಳು. ಪ್ರಾರ್ಥನೆ ಕೇಳಿಸುತ್ತಿತ್ತು, ಅಲ್ಲಿಂದಲೇ ಪ್ರಾರ್ಥಿಸಿದಳು. ನಮಗೆ ಈ ಇಡೀ ಚಳವಳಿಯಲ್ಲಿ ಈ ಹುಡುಗಿಯ ಕುರ್ಚಿಯಷ್ಟು ಹಿಡಿಸಿದ ವಸ್ತು ಇನ್ನೊಂದಿಲ್ಲ. ಗೋಡೆಯ ಆಚೆಗಿದ್ದವರಿಗೂ ಇವಳಿಗೂ ಹಾಡು ಒಂದೇ ಆಗಿತ್ತಲ್ಲ! ಮುಂದೆ ಅವಳು ವಿದ್ಯಾರ್ಥಿಗಳ ಆ ಸಂಘಟನೆಯ ಕಾರ್ಯನಿರ್ವಾಹಕ ಕಾರ್ಯದರ್ಶಿಯಾದಳು. 1967ರಲ್ಲಿ ಇಪ್ಪತ್ತೈದರ ಹರೆಯದಲ್ಲಿಯೇ ರೋಗದಿಂದ ತೀರಿಕೊಂಡಳು.

ಬಾಗಿಲಲ್ಲಿ ನಿಂತ ಹಿರಿಯರು ಈ ಮಕ್ಕಳಿಗೆ ಹಾಕುತ್ತಿದ್ದ ಪ್ರಶ್ನೆ ಬಹುಮಟ್ಟಿಗೆ ಒಂದೇ: ನೀವು ನಿಜವಾಗಿ ಪೂಜೆಗೆ ಬಂದಿರೋ, ಪ್ರದರ್ಶನಕ್ಕೆ ಬಂದಿರೋ? ಕೇಳುವುದಕ್ಕೆ ಈ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ನಿಮ್ಮಲ್ಲಿಯೂ ಕೆಲವರಿಗೆ ಹಾಗೆಯೇ ಅನ್ನಿಸಬಹುದು. ಅವರು ಬಂದದ್ದು ಬಾಗಿಲು ತೆರೆಸಲಿಕ್ಕೆ ಎಂಬುದು ಸುಳ್ಳಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ವಿಚಾರ ಮಾಡಿ. ಅದೇ ಭಾನುವಾರ ಅದೇ ಬಾಗಿಲಿನಿಂದ ನೂರಾರು ಬಿಳಿಯರು ಒಳಗೆ ಹೋದರು. ಒಬ್ಬ ಹೊಸ ಕೋಟು ತೋರಿಸಲು ಹೋದ, ಒಬ್ಬ ವ್ಯಾಪಾರದ ಗಿರಾಕಿಯನ್ನು ಕಾಣಲು ಹೋದ, ಒಬ್ಬನನ್ನು ಹೆಂಡತಿ ಎಳೆದುಕೊಂಡು ಹೋದಳು. ಅವರಲ್ಲಿ ಯಾರನ್ನಾದರೂ ನಿಲ್ಲಿಸಿ, ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದರೇ? ಮನಸ್ಸನ್ನು ತೂಗುವ ತಕ್ಕಡಿ ಇದ್ದದ್ದು ಒಂದೇ ಬಣ್ಣದವರಿಗೆ. ಭಕ್ತಿಯ ಸಾಚಾತನವನ್ನು ಹೊಸಿಲಿನಲ್ಲಿ ನಿಂತವನು ಅಳೆಯಲು ತೊಡಗಿದರೆ, ಒಳಗಿರುವ ದೇವರಿಗೆ ಉಳಿಯುವ ಕೆಲಸವಾದರೂ ಏನು?

ಇನ್ನೊಂದು ಅಂಶವನ್ನು ವಿದ್ಯಾರ್ಥಿಗಳು ಗಮನಿಸಬೇಕು. 1964ರಲ್ಲಿ ಅಮೇರಿಕಾದ ಕೇಂದ್ರ ಶಾಸನಸಭೆ ನಾಗರಿಕ ಹಕ್ಕುಗಳ ದೊಡ್ಡ ಕಾಯಿದೆ ತಂದಿತು. ಹೋಟೆಲು, ವಸತಿಗೃಹ, ನಾಟಕಶಾಲೆಗಳ ಬಾಗಿಲು ಅದರಿಂದ ತೆರೆಯಿತು. ಚರ್ಚುಗಳಿಗೆ ಆ ಕಾಯಿದೆ ಅನ್ವಯಿಸಲಿಲ್ಲ. ಪೂಜಾಸ್ಥಳದೊಳಗೆ ಸರ್ಕಾರ ಕೈಹಾಕುವಂತಿರಲಿಲ್ಲ. ಹೀಗಾಗಿ ಕಾಫಿಯ ಕಟ್ಟೆಯನ್ನು ಕಾನೂನು ತೆರೆಸಬಹುದಾಗಿತ್ತು, ದೇವರ ಮನೆಯನ್ನು ಅದರೊಳಗಿದ್ದವರೇ ತೆರೆಯಬೇಕಾಗಿತ್ತು.

ಒಳ್ಳೆಯ ಮಾತನ್ನೂ ಹೇಳಬೇಕು. 1963ರ ಏಪ್ರಿಲ್ 14, ಈಸ್ಟರ್ ಹಬ್ಬ. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಿಂಗ್ ಅವರು ಸೆರೆಮನೆಯಲ್ಲಿದ್ದರು. ಅಂದು ಕರಿಯರು ಬಿಳಿಯರ ಚರ್ಚುಗಳಿಗೆ ಹೋದರು. ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಅರ್ಲ್ ಸ್ಟಾಲಿಂಗ್ಸ್ ಬಂದವರನ್ನು ಒಳಗೆ ಕೂರಿಸಿದರು, ಕೈಕುಲುಕಿದರು. ಕಿಂಗ್ ಅವರು ಸೆರೆಮನೆಯಿಂದ ಬರೆದ ಪ್ರಸಿದ್ಧ ಪತ್ರವಿದೆಯಲ್ಲ, ಅದು ಎಂಟು ಜನ ಬಿಳಿಯ ಧರ್ಮಗುರುಗಳಿಗೆ ಉತ್ತರವಾಗಿ ಬರೆದದ್ದು. ಆ ಎಂಟರಲ್ಲಿ ಸ್ಟಾಲಿಂಗ್ಸ್ ಕೂಡ ಒಬ್ಬರು. ಆದರೂ ಪತ್ರದ ನಡುವೆ ಕಿಂಗ್ ಈ ಒಂದು ಕೆಲಸಕ್ಕಾಗಿ ಅವರ ಹೆಸರು ಹೇಳಿ ಮೆಚ್ಚಿದ್ದಾರೆ. ವಾದದ ಬಿಸಿಯಲ್ಲಿಯೂ ಎದುರಾಳಿಯ ಒಳ್ಳೆಯ ಕೆಲಸವನ್ನು ಮರೆಯದಿರುವುದು ಸಣ್ಣ ಮಾತಲ್ಲ. ಸ್ಟಾಲಿಂಗ್ಸ್ ಅವರಿಗೆ ಮನೆಯೊಳಗೇ ಕಷ್ಟ ಶುರುವಾಯಿತು. ಸಭೆ ಎರಡು ಪಾಲಾಗಿ ಕಿತ್ತಾಡಿತು. 1965ರಲ್ಲಿ ಅವರು ಆ ಚರ್ಚನ್ನು ಬಿಟ್ಟು ಹೋದರು.

ಇನ್ನು ಮಿಸಿಸಿಪಿ ಸಂಸ್ಥಾನದ ರಾಜಧಾನಿ ಜಾಕ್ಸನ್. ಕರಿಯರ ಪಾಲಿಗೆ ಅತ್ಯಂತ ಕಠಿಣವಾದ ನಾಡು ಅದು. ಊರ ಹೊರಗೆ ಟೂಗಲೂ ಎಂಬ ಕಾಲೇಜು. ಅಲ್ಲಿ ಎಡ್ ಕಿಂಗ್ ಎಂಬ ಬಿಳಿಯ ಪಾದ್ರಿ, ಅದೇ ಮಿಸಿಸಿಪಿಯಲ್ಲಿ ಹುಟ್ಟಿದವರು, ವಿದ್ಯಾರ್ಥಿಗಳಿಗೆ ಧರ್ಮಗುರುಗಳಾಗಿದ್ದರು. 1963ರ ಜೂನ್ 9ರ ಭಾನುವಾರ ವಿದ್ಯಾರ್ಥಿಗಳು ಊರಿನ ದೊಡ್ಡ ದೊಡ್ಡ ಚರ್ಚುಗಳ ಮೆಟ್ಟಿಲು ಹತ್ತಿದರು. ಈ ಏರ್ಪಾಟಿನಲ್ಲಿ ಮೆಡ್ಗರ್ ಎವರ್ಸ್ ಎಂಬ ಕರಿಯ ನಾಯಕರೂ ಇದ್ದರು.

ಆ ದಿನ ಗ್ಯಾಲೋವೆ ಮೆಥಡಿಸ್ಟ್ ಚರ್ಚಿನಲ್ಲಿ ನಡೆದದ್ದನ್ನು ನಿಧಾನವಾಗಿ ಹೇಳಬೇಕು. ಅಲ್ಲಿಯ ಗುರುಗಳು ಸೆಲಾ ಎಂಬವರು. ಹದಿನೆಂಟು ವರ್ಷದಿಂದ ಅದೇ ಪೀಠದಲ್ಲಿದ್ದರು. ಊರಿನ ಗಣ್ಯರೆಲ್ಲ ಅವರ ಶಿಷ್ಯರು. ಮಕ್ಕಳ ನಾಮಕರಣ, ಮದುವೆ, ಹಿರಿಯರ ಅಂತ್ಯಸಂಸ್ಕಾರ, ಎಲ್ಲವನ್ನೂ ಅವರೇ ಮಾಡಿಸಿದವರು. ಎರಡು ವರ್ಷ ಮೊದಲೇ ಆಡಳಿತ ಮಂಡಳಿ ಕರಿಯರನ್ನು ಒಳಗೆ ಬಿಡಕೂಡದೆಂದು ನಿರ್ಣಯಿಸಿತ್ತು. ಕ್ರಿಸ್ತನ ಚರ್ಚಿನಲ್ಲಿ ಬಣ್ಣದ ಅಡ್ಡಗೋಡೆ ಸಲ್ಲದು ಎಂದು ಸೆಲಾ ಆಗಲೇ ತಿಳಿಸಿದ್ದರು. ಮಂಡಳಿ ಕೇಳಲಿಲ್ಲ, ಇವರೂ ಪೀಠ ಬಿಡಲಿಲ್ಲ. ದಿನ ಹೋಗುತ್ತಿತ್ತು. ಹೀಗೇ ಅಲ್ಲವೇ ಎಲ್ಲ ಕಡೆಯೂ ಹೋಗುವುದು? ಗುರುಗಳು ಹೇಳಿದ್ದನ್ನು ಭಕ್ತರು ಗೌರವದಿಂದ ಕೇಳುತ್ತಾರೆ, ಮಾಡುವುದನ್ನು ಮಾಡುತ್ತಲೇ ಇರುತ್ತಾರೆ.

ಆ ಭಾನುವಾರ ಸೆಲಾ ಒಳಗೆ ಉಪದೇಶ ಮಾಡುತ್ತಿದ್ದರು. ಹೊರಗೆ ಮೆಟ್ಟಿಲ ಮೇಲೆ ಕರಿಯ ವಿದ್ಯಾರ್ಥಿಗಳನ್ನು ತಡೆದು ಹಿಂದಕ್ಕೆ ಕಳುಹಿಸಿದರು. ಅವರ ಸಹಾಯಕ ಗುರು ಜೆರ್ರಿ ಫರ್ ಎಂಬ ತರುಣ ಒಳಗೆ ಬಂದು ಸುದ್ದಿ ಮುಟ್ಟಿಸಿದರು. ಸೆಲಾ ಉಪದೇಶವನ್ನು ಅಲ್ಲಿಗೇ ಮೊಟಕುಗೊಳಿಸಿದರು. ಈ ಬಾಗಿಲಿನಿಂದ ಮನುಷ್ಯರನ್ನು ಬಣ್ಣ ನೋಡಿ ಹಿಂದಕ್ಕೆ ಕಳುಹಿಸಿದ ಮೇಲೆ ನಾನು ಇಲ್ಲಿ ಗುರುವಾಗಿರಲಾರೆ ಎಂಬ ಅರ್ಥದ ಮಾತು ಹೇಳಿ ಪೀಠ ತ್ಯಾಗ ಮಾಡಿದರು. ಫರ್ ಕೂಡ ಅವರ ಜೊತೆಗೇ ಬಿಟ್ಟರು. ಹದಿನೆಂಟು ವರ್ಷದ ಸಂಬಂಧ ಕೆಲವು ನಿಮಿಷಗಳಲ್ಲಿ ಮುಗಿಯಿತು. ಆ ವಿದ್ಯಾರ್ಥಿಗಳ ಮುಖವನ್ನೂ ಆ ಹೊತ್ತಿನಲ್ಲಿ ಅವರು ನೋಡಿರಲಿಲ್ಲ.

ಶರಣಬಂಧುಗಳೇ, ಇದನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕಾರಣ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಗೆ ಗುಡಿಯ ಜೀರ್ಣೋದ್ಧಾರ ಸಮಾರಂಭಕ್ಕೆ ನಮ್ಮನ್ನು ಕರೆದಿದ್ದರು. ಹಳ್ಳಿಯ ಹೆಸರು ಬೇಡ. ಮೆರವಣಿಗೆಯಾಯಿತು, ಹಾರ ತುರಾಯಿ ಆಯಿತು, ಗುಡಿಯ ಪ್ರಾಂಗಣದಲ್ಲಿ ಒಂದೂವರೆ ಗಂಟೆ ಮಾತನಾಡಿದೆವು. ಎಲ್ಲರೂ ಸಮಾನರು ಎಂದೆವು. ಜನ ಚಪ್ಪಾಳೆ ತಟ್ಟಿದರು. ಹಿಂದಿರುಗುವಾಗ ನಮ್ಮ ಕಾರಿನ ಚಾಲಕ, ಅವನು ಹೊರಗೆ ನಿಂತಿದ್ದವನು, ಮೆಲ್ಲಗೆ ಹೇಳಿದ: “ಬುದ್ಧಿ, ಕೆಳಗಿನ ಕೇರಿಯವರು ಗೇಟಿನ ಆಚೆಯೇ ನಿಂತಿದ್ದರು. ಮೈಕಿನಲ್ಲಿ ಕೇಳಿಸುತ್ತದೆ, ಅಲ್ಲೇ ನಿಲ್ಲಿ ಅಂದರಂತೆ.” ನಾವು ಕಾರು ತಿರುಗಿಸು ಎನ್ನಲಿಲ್ಲ. ಹೊತ್ತಾಗಿತ್ತು, ಮುಂದಿನ ಊರಿನಲ್ಲಿ ಕಾಯುತ್ತಿದ್ದರು, ಹಾಗೆ ಹೀಗೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಸೆಲಾ ಅವರಿಗೆ ಮಾತಿನ ನಡುವೆ ಸುದ್ದಿ ಮುಟ್ಟಿತು. ನಮಗೆ ಮಾತು ಮುಗಿದ ಮೇಲೆ ಮುಟ್ಟಿತು. ನಡುವೆಯೇ ಮುಟ್ಟಿದ್ದರೆ ನಾವು ನಿಲ್ಲಿಸುತ್ತಿದ್ದೆವೆಂದು ಎದೆ ಮುಟ್ಟಿಕೊಂಡು ಹೇಳಲು ಆಗುತ್ತಿಲ್ಲ. ಇರಲಿ, ಕಥೆಗೆ ಬರೋಣ.

ಜೂನ್ 9 ಆದ ಮೇಲೆ ಮೂರೇ ದಿನ. ಜೂನ್ 12ರ ನಡುರಾತ್ರಿ ದಾಟಿದ ಮೇಲೆ ಮೆಡ್ಗರ್ ಎವರ್ಸ್ ಸಭೆ ಮುಗಿಸಿಕೊಂಡು ಮನೆಗೆ ಬಂದು ಕಾರಿನಿಂದ ಇಳಿಯುತ್ತಿದ್ದಂತೆ, ಕತ್ತಲಲ್ಲಿ ಅಡಗಿದ್ದವನೊಬ್ಬ ಬೆನ್ನಿಗೆ ಗುಂಡು ಹೊಡೆದ. ಹೆಂಡತಿ ಮಕ್ಕಳು ಒಳಗಿದ್ದರು. ಕೊಂದವನ ಮೇಲೆ 1964ರಲ್ಲಿ ಎರಡು ಸಲ ವಿಚಾರಣೆ ನಡೆಯಿತು. ಎರಡು ಸಲವೂ ಪೂರ್ತಿ ಬಿಳಿಯರೇ ಇದ್ದ ಪಂಚರು ಒಮ್ಮತಕ್ಕೆ ಬರಲಿಲ್ಲ. ಶಿಕ್ಷೆಯಾದದ್ದು 1994ರಲ್ಲಿ, ಮೂವತ್ತೊಂದು ವರ್ಷದ ಮೇಲೆ.

ಇಷ್ಟಾದರೂ ವಿದ್ಯಾರ್ಥಿಗಳು ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ. ಆನ್ ಮೂಡಿ ಎಂಬ ಟೂಗಲೂ ವಿದ್ಯಾರ್ಥಿನಿ ಮುಂದೆ 1968ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದಳು. ಎವರ್ಸ್ ಹತ್ಯೆಯಾದ ಕೆಲವೇ ದಿನಗಳಲ್ಲಿ ತಾನೂ ಗೆಳತಿಯರೂ ಚರ್ಚುಗಳಿಗೆ ಹೋದುದನ್ನು ಅದರಲ್ಲಿ ಹೇಳಿದ್ದಾಳೆ. ಹೋದ ಕಡೆ ಅಟ್ಟಿಬಿಟ್ಟರು. ಕೊನೆಗೆ ಎಪಿಸ್ಕೋಪಲ್ ಪಂಥದ ಒಂದು ಚರ್ಚಿನಲ್ಲಿ ಬಾಗಿಲ ಬಳಿಯಿದ್ದವರು ಮರ್ಯಾದೆಯಿಂದ ಒಳಗೆ ಕರೆದೊಯ್ದು ಆಸನ ತೋರಿಸಿದರು. ಹುಡುಗಿಯರು ಬೆಚ್ಚಿದರು. ಬೈಗುಳಕ್ಕೆ ಸಿದ್ಧರಾಗಿ ಹೋದವರಿಗೆ ಆಸನ ಸಿಕ್ಕಿತು. ಅದಕ್ಕೆ ಅವರ ಮನಸ್ಸು ಸಿದ್ಧವಾಗಿರಲಿಲ್ಲ. ಪೂಜೆ ಮುಗಿದ ಮೇಲೆ ಪಾದ್ರಿಗಳು ಇನ್ನೊಮ್ಮೆ ಬನ್ನಿ ಎಂದರಂತೆ. ಅದೇ ಊರು, ಅದೇ ವಾರ, ಅದೇ ಭಯ. ಒಂದು ಕಡೆ ತೆರೆಯಿತು. ತೆರೆಯಲು ಸಾಧ್ಯವಿತ್ತು ಎಂದಾಯಿತಲ್ಲ. ಊರಿನ ಪರಿಸ್ಥಿತಿ ಹಾಗಿತ್ತು, ನಾವೇನು ಮಾಡುವುದು ಎಂದವರ ಮಾತಿಗೆ ಇದೊಂದೇ ಉತ್ತರ ಸಾಕು.

ಅಕ್ಟೋಬರ್ ತಿಂಗಳಿಗೆ ಜಾಕ್ಸನ್ನಿನ ಪೊಲೀಸರು ಚರ್ಚಿನ ಬಾಗಿಲಿಗೆ ಬಂದರು. ಅಕ್ಟೋಬರ್ 6, ಜಗತ್ತಿನ ಎಲ್ಲ ಪಂಥಗಳ ಕ್ರೈಸ್ತರೂ ಒಂದೇ ಕುಟುಂಬ ಎಂಬ ಭಾವದಿಂದ ಪ್ರಭುವಿನ ಭೋಜನದ ಪ್ರಸಾದ ಸ್ವೀಕರಿಸುವ ಭಾನುವಾರ. ಅಂದು ಕ್ಯಾಪಿಟಲ್ ಸ್ಟ್ರೀಟ್ ಮೆಥಡಿಸ್ಟ್ ಚರ್ಚಿನ ಮೆಟ್ಟಿಲ ಮೇಲೆ ಮೂವರು ಹುಡುಗಿಯರನ್ನು ಹಿಡಿದರು. ಇಬ್ಬರು ಕರಿಯರು, ಒಬ್ಬಳು ಬಿಳಿಯಳು. ಆರೋಪ ಏನು ಗೊತ್ತೇ? ಅತಿಕ್ರಮ ಪ್ರವೇಶ, ಮತ್ತು ದೇವರ ಪೂಜೆಗೆ ಭಂಗ ತಂದದ್ದು! ಒಳಗೆ ಕಾಲಿಡದವರು ಒಳಗಿನ ಪೂಜೆಗೆ ಭಂಗ ತಂದರಂತೆ. ಒಬ್ಬೊಬ್ಬರಿಗೂ ಒಂದು ವರ್ಷ ಸೆರೆ, 1,000 ಡಾಲರ್ ದಂಡ ವಿಧಿಸಿದರು. ಇದಕ್ಕೆ ಮೂರು ವಾರ ಮೊದಲು, ಸೆಪ್ಟೆಂಬರ್ 15ರಂದು, ಬರ್ಮಿಂಗ್‌ಹ್ಯಾಮಿನ ಕರಿಯರ ಚರ್ಚಿನಲ್ಲಿ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದಿದ್ದರು. ಹಾಗೆ ಕೊಂದವರಲ್ಲಿ ಮೊದಲನೆಯವನಿಗೆ ಶಿಕ್ಷೆಯಾದದ್ದು 1977ರಲ್ಲಿ. ಮೆಟ್ಟಿಲ ಮೇಲೆ ನಿಂತವರಿಗೆ ಶಿಕ್ಷೆ ವಿಧಿಸಲು ಮಾತ್ರ ಹೆಚ್ಚು ದಿನ ಹಿಡಿಯಲಿಲ್ಲ.

ಸುದ್ದಿ ಉತ್ತರಕ್ಕೆ ಹೋಯಿತು. ಷಿಕಾಗೋ ಮೊದಲಾದ ಕಡೆಗಳಿಂದ ಬಿಳಿಯ ಪಾದ್ರಿಗಳು ವಾರ ವಾರ ಬಂದು ಈ ವಿದ್ಯಾರ್ಥಿಗಳ ಪಕ್ಕದಲ್ಲಿ ನಿಂತು ತಾವೂ ಸೆರೆಗೆ ಹೋದರು. ತಮ್ಮದೇ ಪಂಥದ ಚರ್ಚಿನ ಮುಂದೆ ತಮ್ಮದೇ ಪಂಥದ ಗುರುಗಳು ಕೈಕೋಳ ಕಂಡರು. ಅಲ್ಲಿಯವರೆಗೆ ಆ ಪಂಥದ ದೊಡ್ಡವರಿಗೆ ಇದು ದೂರದ ಊರಿನ ಗಲಾಟೆಯಾಗಿತ್ತು. ಆ ದೊಡ್ಡವರ ಕೈಯೂ ಪೂರ್ತಿ ಚೊಕ್ಕಟವಾಗಿರಲಿಲ್ಲ. 1939ರಲ್ಲಿ ಮೆಥಡಿಸ್ಟ್ ಪಂಥದ ಮೂರು ಶಾಖೆಗಳು ಒಂದಾದಾಗ, ಪ್ರದೇಶಕ್ಕೊಂದರಂತೆ ಐದು ಆಡಳಿತ ವಿಭಾಗ ಮಾಡಿ, ಕರಿಯರೆಲ್ಲರನ್ನೂ ಅವರು ಯಾವ ಊರಿನವರಾದರೂ ಸರಿ, ಆರನೆಯದೊಂದು ವಿಭಾಗಕ್ಕೆ ಹಾಕಿದ್ದರು. ಒಗ್ಗೂಡುವ ಕಾಗದದಲ್ಲಿಯೇ ಒಡಕನ್ನು ಬರೆದಿಟ್ಟಂತಾಯಿತು. ಮೆಟ್ಟಿಲ ಮೇಲೆ ಕೈಕಟ್ಟಿ ನಿಂತವನು ಆ ಕಾಗದಕ್ಕೆ ಅನುಗುಣವಾಗಿಯೇ ನಿಂತಿದ್ದ. ಆ ಆರನೆಯ ವಿಭಾಗ ರದ್ದಾದದ್ದು 1968ರಲ್ಲಿ.

1964ರ ಮಾರ್ಚ್ 29, ಮತ್ತೆ ಈಸ್ಟರ್. ಅಂದು ಅದೇ ಗ್ಯಾಲೋವೆ ಚರ್ಚಿನ ಮೆಟ್ಟಿಲನ್ನು ಇಬ್ಬರು ಬಿಷಪ್ಪರು ಹತ್ತಿದರು. ಒಬ್ಬರು ಚಾರ್ಲ್ಸ್ ಗೋಲ್ಡನ್, ಕರಿಯರು, ಮಿಸಿಸಿಪಿಯಲ್ಲೇ ಹುಟ್ಟಿದವರು. ಇನ್ನೊಬ್ಬರು ಜೇಮ್ಸ್ ಮ್ಯಾಥ್ಯೂಸ್, ಬಿಳಿಯರು. ಇಬ್ಬರೂ ಆ ಪಂಥದ ಮಹಾಗುರುಗಳು. ಇಬ್ಬರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದರು! ಆ ಬೆಳಿಗ್ಗೆಯೇ ಕ್ಯಾಪಿಟಲ್ ಸ್ಟ್ರೀಟ್ ಚರ್ಚಿನ ಮುಂದೆ ಹಲವು ಪಾದ್ರಿಗಳನ್ನು ಪೊಲೀಸರು ಹಿಡಿದೊಯ್ದರು. ಯೇಸು ಸಮಾಧಿಯಿಂದ ಎದ್ದುಬಂದ ಹಬ್ಬದ ದಿನ ಅದು. ಸಮಾಧಿಯ ಬಾಗಿಲಿಗೆ ಉರುಳಿಸಿದ್ದ ಕಲ್ಲು ಸರಿದ ದಿನ.

ಈ ಮ್ಯಾಥ್ಯೂಸ್ ಅವರ ವಿಷಯದಲ್ಲಿ ನಮಗೊಂದು ಸಂಬಂಧವಿದೆ. ಅವರು 1938ರಲ್ಲಿ ಮಿಷನರಿಯಾಗಿ ಭಾರತಕ್ಕೆ ಬಂದವರು. ನಮ್ಮ ನಾಡಿನಲ್ಲಿ ದೀರ್ಘಕಾಲ ಸೇವೆ ಮಾಡಿದ ಸ್ಟ್ಯಾನ್ಲಿ ಜೋನ್ಸ್ ಅವರ ಮಗಳನ್ನು ಮದುವೆಯಾದರು. ಜೋನ್ಸ್ ಗಾಂಧೀಜಿಯವರನ್ನು ಬಲ್ಲವರು, ಕುಮಾವೋನ್ ಬೆಟ್ಟದ ಸತ್ತಾಲ್‌ನಲ್ಲಿ ಆಶ್ರಮ ಕಟ್ಟಿದವರು. ಗಾಂಧೀಜಿಯ ಮೇಲೆ ಅವರು ಬರೆದ ಪುಸ್ತಕವನ್ನು ಓದಿ ಅಹಿಂಸೆಯ ದಾರಿ ಹಿಡಿದೆನೆಂದು ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಹೇಳಿದರಂತೆ. ಅಳಿಯ ಮ್ಯಾಥ್ಯೂಸ್ ಕೂಡ ಮುಂದೆ ಸತ್ಯಾಗ್ರಹದ ಮೇಲೆಯೇ ಒಂದು ಗ್ರಂಥ ಬರೆದರು. ನಮ್ಮ ನೆಲದಲ್ಲಿ ಕಲಿತದ್ದನ್ನು ಅವರು ತಮ್ಮ ನೆಲದ ಬಾಗಿಲಲ್ಲಿ ನಿಂತು ಆಚರಿಸಿದರು. ಕಲಿಸಿದವರು ನಾವು ಎಂದು ಹೆಮ್ಮೆಪಡುವವರಿದ್ದಾರೆ. ಪಡಲಿ, ಗೇಟಿನ ಆಚೆ ಮೈಕು ಕೇಳುತ್ತ ನಿಂತವರ ಮುಂದೆ ಆ ಹೆಮ್ಮೆಯ ಮಾತು ಬೇಡ.

ಕೊನೆಯದಾಗಿ ಮೆಂಫಿಸ್ ನಗರದ ಮಾತು. ಹುಡುಗ ತೋರಿಸಿದ ಚಿತ್ರ ಅಲ್ಲಿಯದು. 1964ರ ಮಾರ್ಚಿನಿಂದ ಕರಿಯ, ಬಿಳಿಯ ವಿದ್ಯಾರ್ಥಿಗಳು ಜೊತೆ ಜೊತೆಯಾಗಿ ಸೆಕೆಂಡ್ ಪ್ರೆಸ್ಬಿಟೇರಿಯನ್ ಚರ್ಚಿಗೆ ವಾರ ವಾರವೂ ಬಂದರು. ಬಾಗಿಲಲ್ಲಿ ತಡೆದಾಗ ಹಿಂದಕ್ಕೆ ಹೋಗಲಿಲ್ಲ. ಪೂಜೆ ಮುಗಿಯುವವರೆಗೆ ಹೊರಗೇ ನಿಂತರು, ಮಂಡಿಯೂರಿದರು. ಬಿಳಿಯ ವಿದ್ಯಾರ್ಥಿಗಳಲ್ಲಿ ಹಲವರು ಸೌತ್‌ವೆಸ್ಟರ್ನ್ ಎಂಬ ಕಾಲೇಜಿನವರು. ಆ ಕಾಲೇಜಿಗೆ ಈ ಚರ್ಚಿನವರೇ ದಾನಿಗಳು. ನಿಮ್ಮ ಹುಡುಗರನ್ನು ಹದ್ದಿನಲ್ಲಿಡಿ, ಇಲ್ಲವಾದರೆ ದಾನದ ಮಾತು ಯೋಚಿಸಬೇಕಾದೀತು ಎಂಬ ಒತ್ತಡ ಬಂತು. ಕಾಲೇಜಿನ ಅಧ್ಯಕ್ಷರಾದ ಪೇಟನ್ ರೋಡ್ಸ್ ಮಣಿಯಲಿಲ್ಲ. ವಿದ್ಯಾಸಂಸ್ಥೆ ನಡೆಸುವ ಕಷ್ಟ ನಮಗೆ ಗೊತ್ತು. ದಾನಿಗಳ ಮುಖ ನೋಡಿ ಮಾತು ನುಂಗಿದ ಸಂದರ್ಭಗಳೂ ನಮಗೆ ಗೊತ್ತು. ಅದಕ್ಕಾಗಿ ಆ ಪುಣ್ಯಾತ್ಮನಿಗೆ ಇಲ್ಲಿಂದಲೇ ಕೈಮುಗಿಯುತ್ತೇವೆ.

1965ರಲ್ಲಿ ಆ ಪಂಥದ ರಾಷ್ಟ್ರೀಯ ಮಹಾಸಭೆ ಅದೇ ಚರ್ಚಿನಲ್ಲಿ ಸೇರುವುದೆಂದು ನಿಶ್ಚಯವಾಗಿತ್ತು. ಕರಿಯರಿಗೆ ಬಾಗಿಲು ಮುಚ್ಚಿದ ಕಡೆ ಮಹಾಸಭೆ ಬೇಡವೆಂದು ಅದನ್ನು ಬೇರೆ ಊರಿಗೆ ಒಯ್ದರು. ಆಗ ಒಳಗೆ ಅಲುಗಾಟ ಶುರುವಾಯಿತು. ಇಷ್ಟು ದಿನ ಬಾಯಿಮುಚ್ಚಿ ಕುಳಿತಿದ್ದ ಸಾಮಾನ್ಯ ಸದಸ್ಯರು ಬಾಯಿ ತೆರೆದರು. ಹಠಮಾರಿ ಹಿರಿಯರ ಹಿಡಿತ ತಪ್ಪಿ, 1965ರ ಆರಂಭದಲ್ಲಿ ಬಾಗಿಲು ತೆರೆಯಿತು. ಒಪ್ಪದವರು ನೂರಾರು ಮಂದಿ ಹೊರಬಂದು ಬೇರೆ ಚರ್ಚು ಕಟ್ಟಿಕೊಂಡರು. ಫಿಲಡೆಲ್ಫಿಯಾದಲ್ಲಿ ಎದ್ದುಹೋದವರು ಅವಮಾನ ಉಂಡವರು. ಇಲ್ಲಿ ಎದ್ದುಹೋದವರು ಅವಮಾನ ಮಾಡುವ ಅವಕಾಶ ತಪ್ಪಿತೆಂದು ಎದ್ದುಹೋದರು. ಗ್ಯಾಲೋವೆ ಚರ್ಚಿನ ಮಂಡಳಿ 1966ರಲ್ಲಿ ತನ್ನ ನಿರ್ಣಯವನ್ನು ಹಿಂದಕ್ಕೆ ಪಡೆಯಿತು. ಆ ವೇಳೆಗೆ ಸೆಲಾ ಮಿಸಿಸಿಪಿ ಬಿಟ್ಟು ಹೋಗಿದ್ದರು.

ಎಷ್ಟೋ ಬಿಳಿಯರ ಚರ್ಚುಗಳು ತೆರೆದ ಮೇಲೂ ಕರಿಯರು ಗುಂಪು ಗುಂಪಾಗಿ ಅಲ್ಲಿಗೆ ಹೋಗಿ ತುಂಬಿಕೊಳ್ಳಲಿಲ್ಲ. ಅವರಿಗೆ ಅವರ ಚರ್ಚುಗಳಿದ್ದವು. ಅಲ್ಲಿಯ ಹಾಡು, ಅಲ್ಲಿಯ ಬಂಧುಬಳಗ ಇತ್ತು. ಇದನ್ನು ತೋರಿಸಿ, ನೋಡಿ, ಬರುವ ಮನಸ್ಸೇ ಇಲ್ಲದವರು ಸುಮ್ಮನೆ ಗಲಾಟೆ ಮಾಡಿದರು ಎಂದವರುಂಟು. ಹೋಗಬಹುದಾದ ಮನೆಗೆ ಹೋಗದಿರುವುದು ಬೇರೆ, ಹೋಗಕೂಡದ ಮನೆಯ ಮುಂದೆ ಹಾದುಹೋಗುವುದು ಬೇರೆ. ಹಾದುಹೋದವರಿಗೆ ಅದರ ವ್ಯತ್ಯಾಸ ಗೊತ್ತು.

ನಾವು ಆಗ ಹೇಳಿದ ಹಳ್ಳಿಯವರು ಮುಂದಿನ ತಿಂಗಳ ಜಾತ್ರೆಗೆ ಮತ್ತೆ ನಮ್ಮನ್ನು ಕರೆದಿದ್ದಾರೆ. ಸಮಿತಿಯ ಹಿರಿಯರಿಗೆ ಪತ್ರ ಬರೆಸಿದ್ದೇವೆ: ಬರುವುದಾದರೆ ಮೊದಲು ಕೆಳಗಿನ ಕೇರಿಗೆ ಬರುತ್ತೇವೆ, ಅಲ್ಲಿಂದ ಅವರ ಜೊತೆಯಲ್ಲಿ ಗುಡಿಗೆ ಬರುತ್ತೇವೆ, ಗೇಟಿನ ಆಚೆ ಒಬ್ಬರು ನಿಂತರೂ ನಾವು ಅಲ್ಲೇ ನಿಲ್ಲುತ್ತೇವೆ. ಪತ್ರ ಹೋಗಿ ಹನ್ನೆರಡು ದಿನವಾಯಿತು. ಉತ್ತರ ಇನ್ನೂ ಬಂದಿಲ್ಲ. ಸಮಿತಿಯ ಇಬ್ಬರು ಇಂದು ಈ ಸಭೆಗೆ ಬಂದಿದ್ದಾರೆಂದು ತಿಳಿಯಿತು. ಪ್ರಸಾದವಾದ ಮೇಲೆ ನಮ್ಮನ್ನು ಕಂಡು ಹೋಗಬೇಕು.